ಒಂದೊಲೆಯ ಮನೆ

ಈ ಕೌಂಟರಿನ ಹಿಂದೆ ಹತ್ತೊಂಬತ್ತು ಚಳಿಗಾಲ ಕೂತವಳು ನಾನು.
ಸುಪೀರಿಯರ್ ಸರೋವರದ ಗಾಳಿ
ಬಾಗಿಲ ಸಂದಿಯಲ್ಲಿ ಸಿಳ್ಳೆ ಹಾಕುವಾಗ
ಜನರ ಮನೆ ಕಟ್ಟುವ ಆಸೆಯನ್ನು
ಮೂರು ಪ್ರತಿಯಲ್ಲಿ ಕೇಳಿ ಪಡೆಯುವುದು ನನ್ನ ಕೆಲಸ.

ಮಾರ್ಚಿನ ಒಂದು ಮಂಗಳವಾರ
ಹಿಯೆತಲಾ ಅಣ್ಣತಮ್ಮಂದಿರು ಬಂದರು.
ಆರ್ಮಸ್‌ಗೆ ಎಪ್ಪತ್ತೊಂದು, ತೌನೊಗೆ ಅರವತ್ತೆಂಟು.
ಬಂದದ್ದು ಒಂದೇ ಟ್ರಕ್ಕಿನಲ್ಲಿ,
ನಿಂತದ್ದು ಕೌಂಟರಿನ ಎರಡು ತುದಿಗೆ.
ನಡುವೆ, ಮಾಂಸದಂಗಡಿಯ ಕಂದು ಕಾಗದದ ಮೇಲೆ
ಪೆನ್ಸಿಲ್ಲಿನಲ್ಲಿ ಗೀಚಿದ ಮನೆ.

ಓದಿದೆ.
ಪಾಯ ನಲವತ್ತೆರಡು ಅಂಗುಲ ಇಳಿಯಬೇಕು,
ಇಲ್ಲವಾದರೆ ಹೆಪ್ಪುಗಟ್ಟಿದ ನೆಲ ಏಪ್ರಿಲ್ಲಿನಲ್ಲಿ ಮೈಮುರಿದು
ಗೋಡೆಯನ್ನು ಹೆಗಲಿಗೆತ್ತಿಕೊಳ್ಳುತ್ತದೆ.
ಇಳಿಸಿದ್ದಾರೆ, ನಲವತ್ತೆಂಟಕ್ಕೆ.
ಚಾವಣಿ ಹಿಮದ ಭಾರ ಹೊರಬೇಕು. ಹೊರುತ್ತದೆ:
ತೌನೊ ಅದಿರಿನ ಬಂದರಿನಲ್ಲಿ ತೊಲೆ ಕೂರಿಸಿದವನು,
ಅವನ ಲೆಕ್ಕಕ್ಕೆ ಎಂಜಿನಿಯರ್ ತುಟಿಪಿಟಕ್ಕೆನ್ನದೆ ಸಹಿ ಹಾಕಿದ್ದಾನೆ.
ನೆಲದ ತೂತಿಗೆ ನೀರು ಸುರಿದು, ಗಡಿಯಾರ ಹಿಡಿದು,
ಅಂಗುಲ ಇಂಗಲು ಎಷ್ಟು ನಿಮಿಷವೆಂದು ಬರೆದ ಚೀಟಿಯೂ ಇದೆ,
ಅದರ ಮೇಲೆ ಕೆಸರಿನ ಹೆಬ್ಬೆಟ್ಟು.

ಮಲಗುವ ಕೋಣೆಯ ಕಿಟಕಿ
ಬೆನ್ನಿಗೆ ಸಿಲಿಂಡರ್ ಕಟ್ಟಿದ ಅಗ್ನಿಶಾಮಕ ನುಸುಳುವಷ್ಟು ಅಗಲ.
"ಅವನ ಹೊಟ್ಟೆ ತೂರುತ್ತದಾ ಕೇಳಿ," ಅಂದ ಆರ್ಮಸ್, ನನಗೆ.
"ನನ್ನ ಕಿಟಕಿಯ ಚಿಂತೆ ಅವನಿಗೆ ಬೇಡವೆನ್ನಿ,"
ಅಂದ ತೌನೊ, ಅವನೂ ನನಗೇ.

ಆಮೇಲೆ ಕಂಡಿತು.
ಪೂರ್ವಕ್ಕೊಂದು ಅಡುಗೆಮನೆ, ಪಶ್ಚಿಮಕ್ಕೊಂದು.
ನಡುವೆ ಬಾಗಿಲಿಲ್ಲದ ಗೋಡೆ,
ಪೆನ್ಸಿಲ್ ಒತ್ತಿ ಒತ್ತಿ ಅಲ್ಲಿ ಕಾಗದವೇ ಹರಿದಿದೆ.

"ಆಗಲ್ಲ," ಅಂದೆ.
ನೀವು ಗುರುತು ಹಾಕಿರುವುದು ಏಕಕುಟುಂಬದ ಮನೆಗೆ.
ಎರಡು ಒಲೆ ಹೂಡಿದರೆ ಎರಡು ಮನೆ;
ಎರಡು ಮನೆಗೆ ಆ ರಸ್ತೆಯಲ್ಲಿ ಅನುಮತಿಯಿಲ್ಲ.
ಕುಟುಂಬವೆಂದರೇನೆಂದು ನಿಯಮ ರಕ್ತ ಪರೀಕ್ಷಿಸುವುದಿಲ್ಲ,
ಹಳೆಯ ಫೋಟೊ ಕೇಳುವುದಿಲ್ಲ,
ಒಲೆ ಎಣಿಸುತ್ತದೆ.

ಹೋದರು. ಬಂದರು.
ಎರಡನೆಯ ಸಲ ಪಶ್ಚಿಮದ ಅಡುಗೆಮನೆಗೆ ಹೊಲಿಗೆ ಕೋಣೆಯೆಂದು ಹೆಸರು.
ಹೊಲಿಗೆಗೆ ಗ್ಯಾಸ್ ಪೈಪ್ ಯಾಕಪ್ಪಾ ಅಂತ ಕೇಳಿದೆ.
ಮೂರನೆಯ ಸಲ ಅದು ಸೌನಾ.
ಸೌನಾ ಬೇಡವೆನ್ನುವ ಗುಮಾಸ್ತೆ ಈ ಊರಲ್ಲಿ ಹುಟ್ಟಿಲ್ಲ,
ಆದರೆ ಸೌನಾದೊಳಗೆ ಪಾತ್ರೆ ತೊಳೆಯುವ ಸಿಂಕು,
ಮೊಟ್ಟೆ ಇಡುವ ಫ್ರಿಜ್ಜು!

ಜಗಳ ದೋಣಿಯದಂತೆ.
ಇಲ್ಲ, ತಾಯಿಯ ಔಷಧಿಯದಂತೆ. ಊರು ಎರಡನ್ನೂ ಹೇಳುತ್ತದೆ.
ಇರುವುದೊಂದೇ ನಿವೇಶನ, ಇಬ್ಬರ ಪಿಂಚಣಿ ಕೂಡಿದರೆ ಮಾತ್ರ ಒಂದು ಚಾವಣಿ.
ಇಪ್ಪತ್ತಾರು ವರ್ಷದ ಮೌನಕ್ಕೆ
ನನ್ನ ನಮೂನೆಯಲ್ಲಿ ಕಾಲಂ ಇಲ್ಲ.

ಮೇ ತಿಂಗಳು. ಕಟ್ಟುವ ಕಾಲ ಕೈಜಾರುತ್ತಿತ್ತು.
ನಾಲ್ಕನೆಯ ಸಲ ಕಾಗದ ಬಿಡಿಸಿದಾಗ
ಅಡುಗೆಮನೆ ನಟ್ಟನಡುವೆ,
ಎರಡು ಕಡೆಯಿಂದ ಎರಡು ಬಾಗಿಲು.
"ಒಲೆಯ ಜಾಗ ತೋರಿಸಿಲ್ಲ," ಅಂದೆ.
"ಕಿಟಕಿಯ ಕೆಳಗೆ ಅಂತ ಅವನಿಗೆ ಹೇಳಿ."
"ಅಲ್ಲಿ ಗಾಳಿಗೆ ಉರಿ ಆರುತ್ತೆ ಅಂತ ಅವನಿಗೆ ಹೇಳಿ."

ಫೋನ್ ಬಂತು. ಯಾರೋ ಬೇಲಿಯ ಎತ್ತರ ಕೇಳಿದರು.
ಬೇಕೆಂದೇ ಮಾತು ಎಳೆದೆ,
ಊರಿನ ಬೇಲಿಗಳ ಪುರಾಣವನ್ನೆಲ್ಲ ಒಪ್ಪಿಸಿದೆ.
ತಿರುಗಿ ನೋಡಿದರೆ
ಪೆನ್ಸಿಲ್ ತೌನೊನ ಕೈಯಲ್ಲಿ,
ಕಾಗದ ಸರಿಯದಂತೆ ಆರ್ಮಸ್‌ನ ಅಂಗೈ ಅದರ ಮೇಲೆ.
"ಇನ್ನೊಂಚೂರು ಈ ಕಡೆ," ಅಂದರು ಯಾರೋ.
ನನಗಲ್ಲ.

ಮೊಹರು ಒತ್ತಿದೆ. ರಸೀತಿ ಹರಿದು ಕೊಟ್ಟೆ.

ಅಕ್ಟೋಬರಿನಲ್ಲಿ ಕೊನೆಯ ತಪಾಸಣೆಗೆ ಹೋದ ಡೆನಿಸ್ ಪೆಲ್ಕಿ
ಬೂಟಿನ ಹಿಮ ಕೊಡವಿ ವರದಿ ಇಟ್ಟ:
ಮೆಟ್ಟಿಲ ಕಂಬಿ ಸರಿ. ಹೊಗೆಯ ಅಲಾರಾಂ ಸರಿ.
ಒಲೆ, ಒಂದು.
ಅಂಚಿನಲ್ಲಿ ಅವನ ಸೊಟ್ಟ ಅಕ್ಷರ:
ಒಲೆಯ ಮೇಲೆ ಕಾಫಿ ಕೆಟಲ್ ಎರಡು,
ಒಂದಕ್ಕೊಂದು ಮೂತಿ ತಿರುಗಿಸಿಕೊಂಡು ಕುದಿಯುತ್ತಿವೆ.
ಕೆಟಲಿನ ಬಗ್ಗೆ ನಿಯಮದಲ್ಲಿ ಏನಾದರೂ ಇದೆಯಾ?

ಪುಟ ತಿರುವಿ ನೋಡಿದೆ. ಇಲ್ಲ.